ಪ್ರಗತಿ ವರದಿಯಲ್ಲಿ ಊರು ಎಲ್ಲಿದೆ?

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಸೇರಿ ಪಾಂಡವಪುರ ಕಂದಾಯ ಉಪವಿಭಾಗ. ಇಲ್ಲಿ ಮೂರು ತಿಂಗಳಿಗೊಮ್ಮೆ ಆಯಾ ಶಾಸಕರ ಅಧ್ಯಕ್ಷತೆಯಲ್ಲಿ ಕೆಡಿಪಿ ಸಭೆ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ ಸಭೆ ನಡೆಯಬೇಕು. ಕೃಷಿ, ತೋಟಗಾರಿಕೆ, ರೇಷ್ಮೆ, ಆರೋಗ್ಯ, ಶಿಕ್ಷಣ, ನೀರಾವರಿ, ಕುಡಿಯುವ ನೀರು, ಸೆಸ್ಕ್, ಸಮಾಜ ಕಲ್ಯಾಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಎಂದು ಇಲಾಖೆಗೊಬ್ಬರಂತೆ ಅಧಿಕಾರಿಗಳು ಎದ್ದು ನಿಂತು ವರದಿ ಓದುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ನಮೂನೆಯ ಕೋಷ್ಟಕ: ವಾರ್ಷಿಕ ಗುರಿ, ಬಿಡುಗಡೆಯಾದ ಅನುದಾನ, ಈವರೆಗಿನ ವೆಚ್ಚ, ಭೌತಿಕ ಸಾಧನೆ, ಶೇಕಡಾವಾರು ಪ್ರಗತಿ, ಕೊನೆಯಲ್ಲಿ ಷರಾ. ಷರಾ ಕಾಲಂನಲ್ಲಿ ಸಾಮಾನ್ಯವಾಗಿ ‘ಪ್ರಗತಿಯಲ್ಲಿದೆ’, ‘ಕ್ರಮ ವಹಿಸಲಾಗಿದೆ’, ‘ಟೆಂಡರ್ ಹಂತದಲ್ಲಿದೆ’ ಎಂಬ ಮೂರು ಮಾತುಗಳಲ್ಲಿ ಒಂದಿರುತ್ತದೆ.

ರಾಜ್ಯ ಸರ್ಕಾರದ ಇಲಾಖೆಗಳು ಜನಪ್ರತಿನಿಧಿಗೆ ಮುಖಾಮುಖಿಯಾಗಿ ಲೆಕ್ಕ ಒಪ್ಪಿಸುವ ತಳಮಟ್ಟದ ವೇದಿಕೆ ಇದು. ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಚಿವರ ಕೆಡಿಪಿ, ಅದರ ಮೇಲೆ ವಿಧಾನಮಂಡಲ. ಈ ಏಣಿಯ ಪ್ರತಿ ಮೆಟ್ಟಿಲಲ್ಲೂ ಅಂಕಿಗಳು ಕೂಡುತ್ತ, ಊರುಗಳು ಕರಗುತ್ತ ಹೋಗುತ್ತವೆ. ಖರ್ಚಾದ ಹಣ, ತಲುಪಿದ ಗುರಿ ಎರಡೂ ವರದಿಯಲ್ಲಿ ಸಿಗುತ್ತವೆ. ಆ ಖರ್ಚಿನಿಂದ ನಾಗಮಂಗಲದ ಒಂದು ಮಜರೆ ಗ್ರಾಮದಲ್ಲಿ ಏನು ಬದಲಾಯಿತು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಅಂಕಿ ಬರೆಯುವವರೂ ಅದನ್ನು ಪರೀಕ್ಷಿಸುವವರೂ ಒಂದೇ ಇಲಾಖೆಯವರಾಗಿರುವವರೆಗೆ ಅಂಥ ಕಾಲಂ ಹುಟ್ಟುವುದೂ ಕಷ್ಟ. ಈ ನಾಲ್ಕು ತಾಲ್ಲೂಕುಗಳ ಅನುಭವವನ್ನು ಮುಂದಿಟ್ಟುಕೊಂಡು ಇಡೀ ವ್ಯವಸ್ಥೆಯನ್ನು ನೋಡಿದರೆ ನನಗೆ ಮತ್ತೆ ಮತ್ತೆ ಎದುರಾಗುವ ಸಂಗತಿ ಇದು.

ಲೆಕ್ಕ ಒಪ್ಪಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ, ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳ ಅಠಾರಾ ಕಚೇರಿಯಾಗಿ ವಿಂಗಡಿಸಿದ್ದರು. ಅಲ್ಲಿ ಲೆಕ್ಕ ಹೋಗುತ್ತಿದ್ದುದು ಅರಸನಿಗೆ. ಪ್ರಜೆಗಳ ಪ್ರತಿನಿಧಿಗಳ ಮುಂದೆ ಆಡಳಿತದ ಲೆಕ್ಕ ಇಡುವ ರೂಢಿ ಶುರುವಾದದ್ದು 1881ರಲ್ಲಿ. ಆ ವರ್ಷ ಅಧಿಕಾರ ಮರಳಿ ಪಡೆದ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ಸಿ. ರಂಗಾಚಾರ್ಲು ಮೈಸೂರು ಪ್ರಜಾ ಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅಕ್ಟೋಬರ್ 7ರಂದು, ದಸರೆಯ ಹೊತ್ತಿಗೆ, 144 ಸದಸ್ಯರ ಮೊದಲ ಸಭೆ ಸೇರಿತು. ತಾಲ್ಲೂಕುಗಳಿಂದ ಭೂಹಿಡುವಳಿದಾರರು, ಅವರೊಡನೆ ಕೆಲವು ವರ್ತಕರು ಬಂದಿದ್ದರು. ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಯೋಜನೆಯನ್ನೂ ಜನರ ಮುಂದಿಡುವುದೇ ಆ ಸಭೆಯ ಉದ್ದೇಶವೆಂದು ಸರ್ಕಾರದ ಆದೇಶ ಹೇಳಿತ್ತು.

1876–78ರ ಮಹಾಕ್ಷಾಮ ಆಗಿನ್ನೂ ಜನರ ನೆನಪಿನಲ್ಲಿ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ ದಿವಾನರು ಆದಾಯ, ವೆಚ್ಚ, ಮಳೆ, ಬೆಳೆ, ರೈಲುದಾರಿ, ಶಾಲೆ, ಆಸ್ಪತ್ರೆಗಳ ಲೆಕ್ಕವನ್ನು ಒಂದು ಭಾಷಣವಾಗಿ ಓದುವುದು, ಬಳಿಕ ಪ್ರತಿನಿಧಿಗಳು ತಾಲ್ಲೂಕುವಾರು ಅಹವಾಲು ಮಂಡಿಸುವುದು ರೂಢಿಗೆ ಬಂತು. ಆ ಸಭೆಗೆ ಮತ ಹಾಕುವ ಅಧಿಕಾರವಾಗಲಿ ಆಯವ್ಯಯವನ್ನು ತಿರಸ್ಕರಿಸುವ ಅಧಿಕಾರವಾಗಲಿ ಇರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, ಪ್ರತಿನಿಧಿ ಸಭೆಗೆ ಶಾಸನದ ನೆಲೆ ಸಿಕ್ಕಿದ್ದು 1923ರಲ್ಲಿ. ಆದರೂ ಆ ಏರ್ಪಾಡಿನ ಒಂದು ಗುಣವನ್ನು ಇಂದಿನ ಕೆಡಿಪಿ ಸಭೆ ಕಳೆದುಕೊಂಡಿದೆ ಎಂದು ನನಗನ್ನಿಸುತ್ತದೆ. ದಿವಾನರು ವರದಿ ಓದಿದ ಮೇಲೆ ಮಾತಾಡಲು ಏಳುತ್ತಿದ್ದವನು ತನ್ನ ತಾಲ್ಲೂಕಿನ ಕೆರೆ ಏರಿಯನ್ನು, ಕಂದಾಯದ ಹೊರೆಯನ್ನು ಕಣ್ಣಾರೆ ಕಂಡಿದ್ದ ರೈತ. ಸರ್ಕಾರದ ಲೆಕ್ಕ ಮತ್ತು ಊರಿನ ಲೆಕ್ಕ ಅಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು. ಅತ್ತಿಗುಪ್ಪೆ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಕೆ.ಆರ್. ಪೇಟೆ, ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆದ ಪಾಂಡವಪುರ ಇವೆಲ್ಲ ಆ ಮೈಸೂರು ಸಂಸ್ಥಾನದ ಊರುಗಳೇ.

ಇಂದಿನ ವ್ಯವಸ್ಥೆಗೆ ಬಂದರೆ, ಮೊದಲು ಎಡವುವುದೇ ಗಡಿಯಲ್ಲಿ. ಇಲಾಖೆಗಳ ಅಂಕಿ ತಾಲ್ಲೂಕುವಾರು ತಯಾರಾಗುತ್ತದೆ, ಶಾಸಕರು ಆಯ್ಕೆಯಾಗುವುದು ಕ್ಷೇತ್ರವಾರು. ಪಾಂಡವಪುರ ತಾಲ್ಲೂಕು ಸೇರಿರುವುದು ಮೇಲುಕೋಟೆ ವಿಧಾನಸಭಾ ಕ್ಷೇತ್ರಕ್ಕೆ, ಆ ಕ್ಷೇತ್ರದಲ್ಲಿ ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯೂ ಇದೆ. ಶ್ರೀರಂಗಪಟ್ಟಣ ಕ್ಷೇತ್ರದೊಳಗೆ ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಕಡೆಯ ಊರುಗಳಿವೆ. ನಾಗಮಂಗಲ ಕ್ಷೇತ್ರಕ್ಕೆ ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿ ಸೇರಿದೆ. ಕೊಪ್ಪದ ಮತದಾರ ನಾಗಮಂಗಲದ ಶಾಸಕರನ್ನು ಆರಿಸುತ್ತಾನೆ, ಆದರೆ ಅವನ ಊರಿನ ಅಂಗನವಾಡಿ, ಪಡಿತರ, ಬೆಳೆ ಸಮೀಕ್ಷೆಗಳ ಅಂಕಿ ಮದ್ದೂರಿನ ಕೋಷ್ಟಕದಲ್ಲಿ ಕೂಡಿಕೊಂಡಿರುತ್ತದೆ. ಹೋಬಳಿವಾರು ವಿಂಗಡಿಸಿ ಕೇಳದ ಹೊರತು ಶಾಸಕರಿಗೆ ತಮ್ಮ ಕ್ಷೇತ್ರದ ಪೂರ್ತಿ ಚಿತ್ರ ಸಿಗುವುದಿಲ್ಲ. ತಾಂತ್ರಿಕವಾಗಿ ಇದು ಸಣ್ಣ ಕೆಲಸ, ಏಕೆಂದರೆ ಇಲಾಖೆಗಳ ತಂತ್ರಾಂಶಗಳಲ್ಲಿ ಬಹುತೇಕ ಮಾಹಿತಿ ಗ್ರಾಮ ಮಟ್ಟದಲ್ಲೇ ದಾಖಲಾಗುತ್ತದೆ. ಕೇಳುವವರು ಬೇಕು ಅಷ್ಟೆ.

ವಿಧಾನಸೌಧದಲ್ಲಿ ದಾರಿಗಳು ಹೆಚ್ಚಿವೆ. ಸಂವಿಧಾನದ 202ನೆಯ ವಿಧಿಯಂತೆ ವಾರ್ಷಿಕ ಹಣಕಾಸು ವಿವರಣೆ, ಅದರ ಬೆನ್ನಿಗೆ ಇಲಾಖಾವಾರು ಬೇಡಿಕೆಗಳು, ಜಿಲ್ಲಾ ವಲಯದ ಹಣದ ಹಂಚಿಕೆ ತೋರಿಸುವ ಲಿಂಕ್ ದಾಖಲೆ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಂತೆ ಮಧ್ಯಮಾವಧಿ ವಿತ್ತೀಯ ಯೋಜನೆ. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2006–07ರಿಂದ ಲಿಂಗಾಧಾರಿತ ಆಯವ್ಯಯವೂ ಬಂದಿದೆ. ಸದಸ್ಯರು ಚುಕ್ಕೆ ಗುರುತಿನ ಪ್ರಶ್ನೆ ಕೇಳಬಹುದು, ಗಮನ ಸೆಳೆಯಬಹುದು. ಸಚಿವರು ಸದನದಲ್ಲಿ ಕೊಟ್ಟ ಮಾತಿನ ಬೆನ್ನುಹತ್ತಲು ಭರವಸೆಗಳ ಸಮಿತಿ ಇದೆ. 151ನೆಯ ವಿಧಿಯಂತೆ ಮಹಾಲೇಖಪಾಲರ ವರದಿ ಸದನಕ್ಕೆ ಬರುತ್ತದೆ. ಅದನ್ನು ಸಾಮಾನ್ಯವಾಗಿ ವಿರೋಧ ಪಕ್ಷದ ಸದಸ್ಯರೇ ಅಧ್ಯಕ್ಷರಾಗಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಓದಲು ಸಮಯವೇ ಸಿಗುವುದಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿತು, ಆದರೆ ಬಹುತೇಕ ವರ್ಷಗಳಲ್ಲಿ ಆ ಗುರಿ ಮುಟ್ಟಿಲ್ಲ. ಸೇರಿದ ದಿನಗಳಲ್ಲೂ ಧರಣಿ, ಗದ್ದಲಕ್ಕೆ ಗಂಟೆಗಳು ಹೋಗುತ್ತವೆ. ಅನೇಕ ಇಲಾಖೆಗಳ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಪ್ಪಿಗೆ ಪಡೆಯುತ್ತವೆ. ಮಹಾಲೇಖಪಾಲರ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಆಕ್ಷೇಪಣೆಗಳನ್ನು ಆಡಳಿತ ಬಲ್ಲವರೆಲ್ಲ ಬಲ್ಲರು: ಮಾರ್ಚ್ ತಿಂಗಳಲ್ಲಿ ಒಮ್ಮೆಗೇ ಏರುವ ವೆಚ್ಚ, ಬಾಕಿ ಉಳಿದ ಬಳಕೆ ಪ್ರಮಾಣಪತ್ರಗಳು. ಇವೆರಡೂ ತಾಲ್ಲೂಕಿನ ಕೋಷ್ಟಕದ ಮೇಲೆ ನೇರ ಬೆಳಕು ಚೆಲ್ಲುತ್ತವೆ. ಡಿಸೆಂಬರ್‌ನ ಕೆಡಿಪಿ ಸಭೆಯಲ್ಲಿ ‘ಪ್ರಗತಿ ಕುಂಠಿತವಾಗಿದೆ, ಮಾರ್ಚ್ ಒಳಗೆ ಖರ್ಚು ಮಾಡದಿದ್ದರೆ ಹಣ ವಾಪಸ್ ಹೋಗುತ್ತದೆ’ ಎಂದು ಶಾಸಕರು ಗದರಿದಾಗ ಅಧಿಕಾರಿಗೆ ಮುಟ್ಟುವ ಸಂದೇಶ ಒಂದೇ, ಬೇಗ ಖರ್ಚು ಮಾಡು. ಒಳ್ಳೆಯದಾಗಿ ಖರ್ಚು ಮಾಡು ಎಂಬ ಮಾತು ಆ ಗದರಿಕೆಯಲ್ಲಿ ಇರುವುದಿಲ್ಲ.

ಅಂಕಿ ಸದನ ತಲುಪುವ ಮುನ್ನ ಹೇಗೆ ಸೋಸಿಹೋಗುತ್ತದೆ ಎಂಬುದಕ್ಕೆ ರೈತ ಆತ್ಮಹತ್ಯೆಯ ಲೆಕ್ಕ ಕಣ್ಣಿಗೆ ಕಟ್ಟುವ ಉದಾಹರಣೆ. ಕಬ್ಬಿನ ಬೆಲೆ, ಬಾಕಿ ಬಿಲ್ಲು, ಸಾಲಗಳ ನಡುವೆ ಸಿಕ್ಕ ಮಂಡ್ಯ ಜಿಲ್ಲೆ 2015ರಲ್ಲಿ ರಾಜ್ಯದ ಗಮನ ಸೆಳೆಯಿತು. ಆ ವರ್ಷ ಪರಿಹಾರದ ಮೊತ್ತವನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಪ್ರಕರಣ ಪರಿಹಾರಕ್ಕೆ ಅರ್ಹವೋ ಅಲ್ಲವೋ ಎಂದು ತೀರ್ಮಾನಿಸುವುದು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ. ಈ ನಾಲ್ಕು ತಾಲ್ಲೂಕುಗಳ ಕಡತಗಳು ಪಾಂಡವಪುರಕ್ಕೆ ಬರುತ್ತವೆ. ಪಹಣಿ ಯಾರ ಹೆಸರಿನಲ್ಲಿದೆ, ಸಾಲ ಯಾವ ಬ್ಯಾಂಕಿನದು ಅಥವಾ ಸಹಕಾರ ಸಂಘದ್ದು, ದಾಖಲೆ ಇದೆಯೇ ಎಂದು ಸಮಿತಿ ನೋಡುತ್ತದೆ. ಜಮೀನು ಇನ್ನೂ ಅಪ್ಪನ ಹೆಸರಿನಲ್ಲೇ ಇದ್ದು ಪೌತಿ ಖಾತೆ ಆಗಿಲ್ಲದಿದ್ದರೆ, ಸಾಲ ಬರಿಯ ಕೈಸಾಲವಾಗಿದ್ದರೆ, ಆ ಮನೆಯವರು ದಾಖಲೆಗಾಗಿ ಅಲೆಯಬೇಕು. ಕೊನೆಗೆ ಸದನದಲ್ಲಿ ಉತ್ತರ ಬರುವಾಗ ಅದು ವರದಿಯಾದ ಪ್ರಕರಣ, ಅರ್ಹ, ತಿರಸ್ಕೃತ, ಬಾಕಿ ಎಂಬ ನಾಲ್ಕು ಅಂಕಿಗಳಾಗಿರುತ್ತದೆ. ಚರ್ಚೆ ಹಿಡಿಯುವುದು ‘ಅರ್ಹ’ ಎಂಬುದನ್ನು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪೊಲೀಸ್ ದಾಖಲೆಯಿಂದ ಎಣಿಸುತ್ತದೆ, ಕೃಷಿ ಇಲಾಖೆ ಪರಿಹಾರದ ಅರ್ಹತೆಯಿಂದ ಎಣಿಸುತ್ತದೆ. ಎರಡು ಲೆಕ್ಕಗಳು ಹೊಂದುವುದಿಲ್ಲ. ಇದರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ, ಎಣಿಸಿದ ವಸ್ತುವೇ ಬೇರೆ. ಪರಿಹಾರದ ಲೆಕ್ಕ ಖಜಾನೆಗೆ ಬೇಕು. ರೈತರ ಸಂಕಟದ ಲೆಕ್ಕ ಬೇಕಾದವರು ಶಾಸಕರು. ಅವರಿಗೆ ತಿರಸ್ಕೃತ ಕಡತಗಳ ಕಾರಣಗಳ ಪಟ್ಟಿ ಅರ್ಹ ಕಡತಗಳ ಸಂಖ್ಯೆಗಿಂತ ಹೆಚ್ಚು ಉಪಯುಕ್ತ. ತಿರಸ್ಕೃತ ಕಡತಗಳಲ್ಲಿ ಎಷ್ಟು ಪೌತಿ ಖಾತೆ ಆಗದ್ದರಿಂದ, ಎಷ್ಟು ಕೈಸಾಲದಿಂದ ಎಂದು ಗೊತ್ತಾದರೆ ಮುಂದಿನ ಕೆಲಸ ಕಂದಾಯ ಇಲಾಖೆಯದೋ ಸಹಕಾರ ಇಲಾಖೆಯದೋ ಎಂದು ತಿಳಿಯುತ್ತದೆ. ಸಕಾಲ ಕಾಯ್ದೆಯ ಅಂಕಿಗಳಿಗೂ ಇದೇ ಮಾತು ಅನ್ವಯ. 2012ರಿಂದ ಜಾರಿಯಲ್ಲಿರುವ ಸಕಾಲದಲ್ಲಿ ಅರ್ಜಿಯನ್ನು ಅವಧಿಯೊಳಗೆ ತಿರಸ್ಕರಿಸಿದರೂ ಅದು ವಿಲೇವಾರಿಯೇ. ವಿಲೇವಾರಿ ಪ್ರಮಾಣದ ಜೊತೆ ತಿರಸ್ಕಾರದ ಪ್ರಮಾಣವನ್ನೂ ಕೇಳಿದಾಗಲೇ ತಾಲ್ಲೂಕು ಕಚೇರಿಯ ನಿಜವಾದ ಕೆಲಸ ಕಾಣುವುದು.

ಈಗ ಇದಕ್ಕಿಂತ ನೋವಿನ ವಿಷಯ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಒಂದು ಜಾಲವನ್ನು ಬಯಲಿಗೆಳೆದರು. ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಸಂಗತಿ ಹೊರಬಂತು. ಬೆಲ್ಲದ ಆಲೆಮನೆಗೆ ಹೆಸರಾದ ಜಿಲ್ಲೆಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಅದು ಚರ್ಚೆಗೆ ಬಂತು, ತನಿಖೆ ಸಿಐಡಿಗೆ ಹೋಯಿತು. ಕೆಲವೇ ತಿಂಗಳಲ್ಲಿ, 2024ರ ಮೇನಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹವೊಂದರಲ್ಲೇ ಇಂಥ ಕೃತ್ಯ ನಡೆದದ್ದು ಪತ್ತೆಯಾಯಿತು.

ಲಿಂಗ ಪತ್ತೆಯನ್ನು ನಿಷೇಧಿಸಿದ ಪಿಸಿಪಿಎನ್‌ಡಿಟಿ ಕಾಯ್ದೆ 1994ರಿಂದ ಇದೆ. ಅದರ ಅನುಷ್ಠಾನವನ್ನು ಅಳೆಯುವ ರೂಢಿಯ ಬಗೆ ಯಾವುದು? ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರಗಳೆಷ್ಟು, ತಪಾಸಣೆ ಎಷ್ಟು, ನೋಟಿಸ್ ಎಷ್ಟು, ಸಲಹಾ ಸಮಿತಿ ಸಭೆ ಎಷ್ಟು. ಈ ಎಲ್ಲ ಕಾಲಂಗಳಲ್ಲೂ ಪೂರ್ತಿ ಅಂಕ ಪಡೆದ ಜಿಲ್ಲೆಯಲ್ಲೂ ಆಲೆಮನೆಯೊಳಗಿನ ಯಂತ್ರ ಯಾವ ಕಾಲಂಗೂ ಬರುವುದಿಲ್ಲ, ಏಕೆಂದರೆ ಅದು ನೋಂದಾಯಿತ ಕೇಂದ್ರವೇ ಅಲ್ಲ. ಅದನ್ನು ತೋರಿಸಬಲ್ಲ ಅಂಕಿ ಬೇರೆ ಕಡೆ ಇತ್ತು. ಹುಟ್ಟಿದ ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳು ಎಷ್ಟು ಎಂಬ ಲೆಕ್ಕ ಅದು. ಇ-ಜನ್ಮ ತಂತ್ರಾಂಶದಲ್ಲಿ ಜನನ ನೋಂದಣಿಯಾಗುತ್ತದೆ, ಗರ್ಭಿಣಿಯ ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆಗೆ ಪ್ರತಿ ಬಸುರಿಯ ಮನೆ ಗೊತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಅಳತೆಯ ವಿಷಯದಲ್ಲಿ ಇಂಥ ಸೂಕ್ಷ್ಮಗಳೇ ಮುಖ್ಯ. ಶ್ರೀರಂಗಪಟ್ಟಣ ಮೈಸೂರಿಗೆ ಹತ್ತಿರ. ಅಲ್ಲಿನ ಅನೇಕ ಹೆರಿಗೆಗಳು ಚೆಲುವಾಂಬ ಆಸ್ಪತ್ರೆಯಲ್ಲೋ ಮೈಸೂರಿನ ಖಾಸಗಿ ಆಸ್ಪತ್ರೆಗಳಲ್ಲೋ ಆಗುತ್ತವೆ, ನಾಗಮಂಗಲದ ಗರ್ಭಿಣಿಯರು ಬೆಳ್ಳೂರು ಕ್ರಾಸಿನ ವೈದ್ಯಕೀಯ ಕಾಲೇಜಿಗೂ ಹೋಗುತ್ತಾರೆ. ಜನನ ನೋಂದಣಿಯಾಗುವುದು ಹೆರಿಗೆಯಾದ ಸ್ಥಳದಲ್ಲಿ. ಹಾಗಾಗಿ ನೋಂದಣಿ ಕಚೇರಿಯ ಅಂಕಿಯನ್ನೇ ತಾಲ್ಲೂಕಿನ ಲಿಂಗಾನುಪಾತವೆಂದು ಓದಿದರೆ ದಾರಿ ತಪ್ಪುತ್ತದೆ. ತಾಯಿಯ ವಾಸಸ್ಥಳದ ಪ್ರಕಾರ ಎಣಿಸಬೇಕು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ತಿಂಗಳ ಹೆರಿಗೆಗಳು ಕೆಲವೇ, ಆ ಸಣ್ಣ ಸಂಖ್ಯೆಯಲ್ಲಿ ಏರಿಳಿತ ಸಹಜ. ಆದ್ದರಿಂದ ಮೂರು ವರ್ಷಗಳನ್ನು ಕೂಡಿಸಿ ನೋಡಬೇಕು. ಎರಡನೆಯ ಮತ್ತು ಮೂರನೆಯ ಮಗುವಿನ ಲಿಂಗಾನುಪಾತವನ್ನು ಬೇರೆ ತೆಗೆದು ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ, ಏಕೆಂದರೆ ಮೊದಲನೆಯದು ಹೆಣ್ಣಾದ ಮೇಲೆಯೇ ಇಂಥ ಒತ್ತಡ ಹೆಚ್ಚುವುದು. ಈ ಲೆಕ್ಕಕ್ಕೆ ಹೊಸ ಸಿಬ್ಬಂದಿ ಬೇಡ, ಹೊಸ ಅನುದಾನ ಬೇಡ. ಆರೋಗ್ಯ ಇಲಾಖೆಯ ಕೋಷ್ಟಕದ ಮೊದಲ ಸಾಲಿನಲ್ಲಿ ಇದು ಇರಬೇಕಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. ಹುಟ್ಟಬೇಕಾಗಿದ್ದ ಹೆಣ್ಣು ಮಕ್ಕಳು ಯಾವ ಶೇಕಡಾವಾರು ಪ್ರಗತಿಯಲ್ಲೂ ಬರುವುದಿಲ್ಲ, ಅವರ ಗೈರುಹಾಜರಿಯನ್ನು ಲೆಕ್ಕ ಹಾಕಿಯೇ ಕಾಣಬೇಕು.

ಕುಡಿಯುವ ನೀರಿನದು ಬೇರೆ ಬಗೆಯ ಕಥೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ, ಪ್ರತಿ ಗ್ರಾಮೀಣ ಮನೆಗೂ ನಳ ಸಂಪರ್ಕ ಕೊಡಲು ಹೊರಟಿತು. ಮೂಲ ಉದ್ದೇಶದಲ್ಲಿ ತಲೆಗೆ ದಿನಕ್ಕೆ 55 ಲೀಟರ್, ಶುದ್ಧ, ನಿರಂತರ ಎಂಬ ಮೂರು ಷರತ್ತುಗಳಿದ್ದವು. ವರದಿಯಲ್ಲಿ ಮೇಲೆ ಬಂದದ್ದು ಸಂಪರ್ಕದ ಸಂಖ್ಯೆ. ಉದಾಹರಣೆಗೆ 200 ಮನೆಗಳ ಒಂದು ಊರೆಂದುಕೊಳ್ಳೋಣ. 200 ನಳ ಕೂರಿಸಿದ ದಿನ ಸಾಧನೆ ಶೇ 100. ಏಪ್ರಿಲ್‌ನಲ್ಲಿ ಊರಿನ ಬೋರ್‌ವೆಲ್ ಬತ್ತಿ, ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ನೀರು ಬಂದರೂ ಸಾಧನೆ ಶೇ 100ರಲ್ಲೇ ಇರುತ್ತದೆ. ನಾಲೆಯ ನೀರು ಹೆಚ್ಚು ಕಾಣದೆ ಅಂತರ್ಜಲವನ್ನೇ ನಂಬಿದ ನಾಗಮಂಗಲದಂಥ ತಾಲ್ಲೂಕಿನಲ್ಲಿ ಈ ಅಂತರ ಬರಿಯ ಲೆಕ್ಕದ ಮಾತಲ್ಲ, ಕೊಡ ಹೊತ್ತು ನಡೆಯುವ ಹೆಣ್ಣು ಮಕ್ಕಳ ಬೆನ್ನಿನ ಮಾತು.

ಆದರೂ ಈ ಯೋಜನೆಯ ವಿನ್ಯಾಸದಲ್ಲಿ ಒಂದು ಒಳ್ಳೆಯ ಅಂಶವಿದೆ, ಅದನ್ನು ಶಾಸಕರು ಬಳಸಿಕೊಳ್ಳಬೇಕು. ಊರಿನ ಎಲ್ಲ ಮನೆಗಳಿಗೂ ನೀರು ಬಂದಿದೆ ಎಂದು ಇಲಾಖೆ ಹೇಳಿಕೊಳ್ಳುವುದು ಒಂದು ಹಂತ. ಗ್ರಾಮಸಭೆ ಸೇರಿ, ಹೌದು ಎಂದು ನಿರ್ಣಯ ಮಾಡಿ ಪ್ರಮಾಣೀಕರಿಸುವುದು ಇನ್ನೊಂದು ಹಂತ. ಎರಡು ಸಂಖ್ಯೆಗಳೂ ಬೇರೆಬೇರೆಯಾಗಿ ದಾಖಲಾಗುತ್ತವೆ. ಅವುಗಳ ನಡುವಿನ ಅಂತರವೇ ಅಧಿಕಾರಿಗೆ ಕೇಳಬೇಕಾದ ಪ್ರಶ್ನೆ. ಯಾವ ಊರುಗಳು ಇನ್ನೂ ಪ್ರಮಾಣೀಕರಿಸಿಲ್ಲ, ಏಕೆ, ಎಂದು ಊರ ಹೆಸರು ಹಿಡಿದು ಕೇಳಿದರೆ ‘ಪ್ರಗತಿಯಲ್ಲಿದೆ’ ಎಂಬ ಷರಾ ನಿಲ್ಲುವುದಿಲ್ಲ.

ಶಾಲೆಯ ವಿಷಯದಲ್ಲಿ ರಾಜ್ಯ ಒಂದು ದೊಡ್ಡ ಪಾಠವನ್ನು ಇತ್ತೀಚೆಗೆ ಕಲಿತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳಿಗೆ ರ್‍ಯಾಂಕ್ ಹಚ್ಚುವುದು, ಹಿಂದೆ ಬಿದ್ದ ಜಿಲ್ಲೆಯ ಅಧಿಕಾರಿಗಳನ್ನು ಕೆಡಿಪಿ ಸಭೆಯಲ್ಲಿ ತರಾಟೆಗೆ ತೆಗೆದುಕೊಳ್ಳುವುದು ಹಳೆಯ ರೂಢಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ ಅದು ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಗ್ಗಿತೇ? ಇಲ್ಲ, ಅಳತೆ ಪ್ರಾಮಾಣಿಕವಾಯಿತು. ಕಡಿಮೆ ಅಂಕಿ ತಂದ ಅಧಿಕಾರಿಯನ್ನು ಗದರಿದರೆ ಮುಂದಿನ ಸಲ ಅಂಕಿ ಏರುತ್ತದೆ, ಆದರೆ ಮಗುವಿನ ಓದೂ ಏರುತ್ತದೆ ಎಂಬ ಖಾತ್ರಿ ಇಲ್ಲ. ನಿಜವಾದ ಕಡಿಮೆ ಅಂಕಿಯನ್ನು ತಂದವರಿಗೆ ಸಭೆಯಲ್ಲಿ ಗೌರವ ಸಿಗುವವರೆಗೆ ಯಾರೂ ಅದನ್ನು ತರುವುದಿಲ್ಲ.

ಹೊರಗಿನ ಜಗತ್ತು ಈ ಪ್ರಶ್ನೆಯ ಜೊತೆ ದೀರ್ಘಕಾಲ ಹೆಣಗಿದೆ. ಅಮೆರಿಕ 1993ರಲ್ಲಿ ಕಾಯ್ದೆ ಮಾಡಿ, ಪ್ರತಿ ಇಲಾಖೆಯೂ ಹಲವು ವರ್ಷಗಳ ಗುರಿ, ವಾರ್ಷಿಕ ಯೋಜನೆ ಮತ್ತು ಸಾಧನೆಯ ವರದಿಯನ್ನು ಕಾಂಗ್ರೆಸ್ಸಿಗೆ ಕೊಡಬೇಕೆಂದಿತು. ವರದಿಗಳು ರಾಶಿ ಬಿದ್ದವು, ಬಳಕೆ ಮಾತ್ರ ಹಾಗೆ ಬೆಳೆಯಲಿಲ್ಲ. ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಇದನ್ನು ಪದೇ ಪದೇ ಎತ್ತಿ ತೋರಿಸಿದೆ. 2010ರ ತಿದ್ದುಪಡಿಯಲ್ಲಿ ಇಲಾಖೆಗಳು ಕನಿಷ್ಠ ಎರಡು ವರ್ಷಕ್ಕೊಮ್ಮೆ ಶಾಸನಸಭಾ ಸಮಿತಿಗಳೊಡನೆ ಕೂತು ತಮ್ಮ ಗುರಿಗಳ ಬಗ್ಗೆ ಸಮಾಲೋಚಿಸಬೇಕು ಎಂಬ ನಿಯಮ ಬಂತು. ಏನನ್ನು ಅಳೆಯಬೇಕು ಎಂಬುದರಲ್ಲಿ ಜನಪ್ರತಿನಿಧಿಗೂ ಪಾಲು ಕೊಟ್ಟ ಈ ನಿಯಮ ನಮಗೆ ಹೊಂದುತ್ತದೆ. ಭಾರತದಲ್ಲಿ ಮೊದಲ ಆಡಳಿತ ಸುಧಾರಣಾ ಆಯೋಗ 1960ರ ದಶಕದಲ್ಲೇ ಸಾಧನಾ ಆಯವ್ಯಯ ಬೇಕೆಂದಿತ್ತು. 2005–06ರಲ್ಲಿ ಕೇಂದ್ರ ಫಲಿತಾಂಶ ಬಜೆಟ್ ತಂದಿತು, 2009ರಲ್ಲಿ ಇಲಾಖೆಗಳಿಗೆ ಅಂಕ ಕೊಡುವ ಇನ್ನೊಂದು ಪದ್ಧತಿ ಬಂದು ಕೆಲವು ವರ್ಷಗಳಲ್ಲಿ ನಿಂತಿತು. ಕರ್ನಾಟಕ 2011ರಲ್ಲಿ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪಿಸಿತು. ಅದರ ಅಧ್ಯಯನಗಳು ಒಳ್ಳೆಯವು, ಆದರೆ ತಾಲ್ಲೂಕಿನ ಸಭೆಯ ಮೇಜಿಗೆ ಅವು ಇಳಿದು ಬರಬೇಕು.

ತಾಲ್ಲೂಕನ್ನೇ ಘಟಕವಾಗಿ ಇಟ್ಟುಕೊಂಡು ಫಲವನ್ನು ಅಳೆದ ದೊಡ್ಡ ಪ್ರಯತ್ನ ನಮ್ಮಲ್ಲೇ ನಡೆದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಬಳಸಿ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದವು ಎಂದು ಗುರುತಿಸಿತು. ಸಾಕ್ಷರತೆ, ನೀರಾವರಿ, ಆಸ್ಪತ್ರೆ ಹಾಸಿಗೆ, ರಸ್ತೆ ಎಲ್ಲವೂ ಆ ಸೂಚ್ಯಂಕದಲ್ಲಿದ್ದವು. ಶಾಸಕರು ಅನುದಾನ ಕೇಳುವಾಗ ಇಂದಿಗೂ ಆ ವರದಿಯ ಹೆಸರು ಹೇಳುತ್ತಾರೆ. ಆ ಸೂಚ್ಯಂಕವನ್ನು ಪ್ರತಿ ವರ್ಷ ಹೊಸ ಅಂಕಿಗಳಿಂದ ಲೆಕ್ಕ ಹಾಕಿ ಸದನದ ಮುಂದಿಟ್ಟಿದ್ದರೆ ಇಪ್ಪತ್ತು ವರ್ಷಗಳ ದಾಖಲೆ ನಮ್ಮ ಕೈಯಲ್ಲಿರುತ್ತಿತ್ತು. ಹಾಗಾಗಲಿಲ್ಲ, 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚಿಸಬೇಕಾಯಿತು.

ಹಾಗಾದರೆ ಎಲ್ಲರೂ ನಂಬುವ ಅಂಕಿಯೇ ನಮ್ಮಲ್ಲಿಲ್ಲವೇ? ಇದೆ, ಅದೂ ಇದೇ ಉಪವಿಭಾಗದಲ್ಲಿ. ಕೃಷ್ಣರಾಜಸಾಗರದ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಮುಂಗಾರು ಶುರುವಾದರೆ ಇಂದು ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಪಾಂಡವಪುರದ ಟೀ ಅಂಗಡಿಯಿಂದ ವಿಧಾನಸೌಧದವರೆಗೆ ಒಂದೇ ಅಂಕಿ ಓಡಾಡುತ್ತದೆ, ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ತಮಿಳುನಾಡಿಗೆ ಹೋಗುವ ನೀರಿನ ಲೆಕ್ಕವೂ ಹೀಗೆ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ 177.25 ಟಿಎಂಸಿಯನ್ನು ಅಳೆಯುವುದು ಬಿಳಿಗುಂಡ್ಲುವಿನಲ್ಲಿ, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ. ಎರಡು ರಾಜ್ಯಗಳೂ ಒಂದೇ ಮಾಪಕವನ್ನು ನೋಡುತ್ತವೆ. ವಾದ ಎಷ್ಟೇ ಬಿಸಿಯಾದರೂ ಹರಿದ ನೀರು ಎಷ್ಟು ಎಂಬುದರ ಬಗ್ಗೆ ಜಗಳ ಕಡಿಮೆ. ಅಂಕಿಯಿಂದ ಲಾಭ ನಷ್ಟ ಕಾಣುವವನ ಕೈಯಲ್ಲಿ ಮಾಪಕ ಇಲ್ಲದಿರುವುದು, ಎದುರಾಳಿಯೂ ಅದನ್ನು ಓದಬಹುದಾಗಿರುವುದು, ದಿನವೂ ಬಹಿರಂಗವಾಗುವುದು ಈ ನಂಬಿಕೆಗೆ ಕಾರಣ.

ಅದೇ ಅಣೆಕಟ್ಟಿನಿಂದ ನೀರು ವಿಶ್ವೇಶ್ವರಯ್ಯ ನಾಲೆಗೆ ಇಳಿದ ಕೂಡಲೇ ಈ ಸ್ಪಷ್ಟತೆ ಮಾಯವಾಗುತ್ತದೆ. ನಾಲೆ ಆಧುನೀಕರಣದ ವರದಿಯಲ್ಲಿ ಎಷ್ಟು ಕಿಲೋಮೀಟರ್ ಲೈನಿಂಗ್ ಆಯಿತು, ಎಷ್ಟು ಕೋಟಿ ಖರ್ಚಾಯಿತು ಎಂದಿರುತ್ತದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಕೊನೆಯ ಭಾಗದ ತೂಬಿಗೆ ಎಷ್ಟು ದಿನ ನೀರು ಮುಟ್ಟಿತು ಎಂಬುದನ್ನು ನೀರುಗಂಟಿ ಬಲ್ಲ, ಅಲ್ಲಿನ ರೈತ ಬಲ್ಲ. ಆ ಒಂದು ಅಂಕಿ ಸಭೆಗೆ ಬಂದರೆ ಲೈನಿಂಗಿಗೆ ಸುರಿದ ಹಣ ಸಾರ್ಥಕವಾಯಿತೇ ಎಂದು ತಾನೇ ತಿಳಿಯುತ್ತದೆ.

ಇಂಥ ಅಂಕಿಯನ್ನು ತರಬಹುದಾಗಿದ್ದ ಜನರು ಈಗ ಸಭೆಯಲ್ಲಿ ಇಲ್ಲ, ಇದೇ ನನ್ನ ದೊಡ್ಡ ಆತಂಕ. ಅಬ್ದುಲ್ ನಜೀರ್ ಸಾಬ್ ರೂಪಿಸಿದ ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಜಿಲ್ಲೆಯ ಇಲಾಖೆಗಳು ಚುನಾಯಿತ ಅಧ್ಯಕ್ಷರಿಗೆ ಲೆಕ್ಕ ಒಪ್ಪಿಸತೊಡಗಿದ್ದವು. ಸ್ಥಾಯಿ ಸಮಿತಿಗಳಿದ್ದವು, ಪ್ರತಿ ಸದಸ್ಯನಿಗೂ ತನ್ನ ಕೆಲವು ಹಳ್ಳಿಗಳ ವಿವರ ಗೊತ್ತಿತ್ತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದರ ನಂತರದ ನಾಲ್ಕು ವರ್ಷಗಳಲ್ಲಿ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು. ಗ್ರಾಮ ಪಂಚಾಯಿತಿಗೂ ಶಾಸಕರಿಗೂ ನಡುವೆ ಇದ್ದ ಎರಡು ಸ್ತರಗಳ ಕಣ್ಣುಗಳು ಹೀಗೆ ಮುಚ್ಚಿಹೋದವು. ಇಡೀ ತಾಲ್ಲೂಕಿನ ಪರಿಶೀಲನೆ ಒಬ್ಬ ಶಾಸಕರ ಮೇಲೆ ಬಿತ್ತು. ಒಂದೇ ಹಗಲಿನಲ್ಲಿ ಮೂವತ್ತಕ್ಕೂ ಹೆಚ್ಚು ಇಲಾಖೆಗಳ ವರದಿ ಕೇಳುವ ಯಾರಿಗಾದರೂ ಶೇಕಡಾವಾರು ಕಾಲಂ ಮೇಲೆ ಕಣ್ಣಾಡಿಸುವುದಕ್ಕಿಂತ ಹೆಚ್ಚಿನದು ಸಾಧ್ಯವಿಲ್ಲ.

ಕೆಳಗೆ, ಗ್ರಾಮ ಪಂಚಾಯಿತಿಯಲ್ಲಿ, ಇನ್ನೂ ಜೀವ ಇದೆ. ವರ್ಷಕ್ಕೊಮ್ಮೆ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ ನಡೆಯುತ್ತದೆ, ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಎದುರಿಗೆ ತೆರೆದಿಡುತ್ತಾರೆ, ಕಾಮಗಾರಿಯನ್ನು ಸ್ಥಳದಲ್ಲೇ ನೋಡುತ್ತಾರೆ. ನರೇಗಾ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನು ಕಡ್ಡಾಯ ಮಾಡಿತು, ಕಡತದಲ್ಲಿನ ಚೆಕ್‌ಡ್ಯಾಂ ಹೊಲದಲ್ಲಿ ಇದೆಯೇ ಎಂದು ಗ್ರಾಮಸಭೆಯಲ್ಲಿ ಓದಿ ಹೇಳುವ ರೂಢಿ ಬಂತು. ಎಷ್ಟೋ ಕಡೆ ಇದು ನೆಪಮಾತ್ರಕ್ಕೆ ಮುಗಿಯುತ್ತದೆ ನಿಜ. ಆದರೆ ಗಟ್ಟಿಯಾಗಿ ನಡೆದ ಕಡೆ ಇದಕ್ಕಿಂತ ಉತ್ತಮ ಪರಿಶೀಲನೆ ನನಗೆ ಬೇರೆಲ್ಲೂ ಕಾಣುವುದಿಲ್ಲ. ಪಂಚಾಯಿತಿಗಳು ಪಾಲಿಸುವ ಈ ನಿಯಮ ಇಲಾಖೆಗಳಿಗೆ ಏಕಿಲ್ಲ? ಶಾಲೆ, ಆಸ್ಪತ್ರೆ, ನಾಲೆ, ವಿದ್ಯುತ್ ಉಪಕೇಂದ್ರಗಳ ವಾರ್ಷಿಕ ಸಾಧನೆಯನ್ನೂ ಅದೇ ಗ್ರಾಮಸಭೆಯಲ್ಲಿ ಓದಿ, ಜನ ಒಪ್ಪಿದ್ದೆಷ್ಟು, ಒಪ್ಪದ್ದೆಷ್ಟು ಎಂದು ಬರೆದು ಕೆಡಿಪಿಗೆ ಕಳುಹಿಸಲು ಹೊಸ ಕಾನೂನು ಬೇಕಾಗಿಲ್ಲ, ಸರ್ಕಾರದ ಒಂದು ಸುತ್ತೋಲೆ ಸಾಕು.

ನಾಲ್ಕು ಕ್ಷೇತ್ರಗಳ ಶಾಸಕರು ಬೇರೆ ಬೇರೆ ಪಕ್ಷದವರಿರಬಹುದು, ಇದ್ದಾರೆ ಕೂಡ. 2023ರ ಚುನಾವಣೆಯಲ್ಲಿ ಶ್ರೀರಂಗಪಟ್ಟಣ, ನಾಗಮಂಗಲ ಕಾಂಗ್ರೆಸ್ಸಿಗೆ, ಕೆ.ಆರ್. ಪೇಟೆ ಜೆಡಿಎಸ್‌ಗೆ, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಬಂದವು. ನಾಗಮಂಗಲದ ಶಾಸಕರು ಜಿಲ್ಲಾ ಉಸ್ತುವಾರಿ ಸಚಿವರೂ ಆದರು. ಅಳತೆಯ ವಿಷಯದಲ್ಲಿ ಈ ಭಿನ್ನತೆಯೇ ಅನುಕೂಲ, ಏಕೆಂದರೆ ಒಬ್ಬರ ತಾಲ್ಲೂಕಿನ ಅಂಕಿಯನ್ನು ಇನ್ನೊಬ್ಬರು ಪ್ರಶ್ನಿಸಬಹುದು. ಉಪವಿಭಾಗಕ್ಕೆ ಒಂದೇ ನಮೂನೆಯ ಒಂದು ಪುಟ ಸಾಕು: ತಾಯಿಯ ಊರಿನ ಪ್ರಕಾರ ಮೂರು ವರ್ಷಗಳ ಜನನ ಲಿಂಗಾನುಪಾತ, ಗ್ರಾಮಸಭೆ ಪ್ರಮಾಣೀಕರಿಸಿದ ನೀರಿನ ಊರುಗಳು, ಕೊನೆಯ ತೂಬಿಗೆ ನೀರು ಮುಟ್ಟಿದ ದಿನಗಳು, ತಿರಸ್ಕರಿಸಿದ ಪರಿಹಾರ ಕಡತಗಳು ಮತ್ತು ಅವುಗಳ ಕಾರಣ, ಐದನೆಯ ತರಗತಿಯಲ್ಲಿ ಕನ್ನಡ ಪುಟವೊಂದನ್ನು ತಡೆಯಿಲ್ಲದೆ ಓದಬಲ್ಲ ಮಕ್ಕಳು. ಹೋಬಳಿವಾರು ಇರಲಿ, ದುದ್ದ, ಕೊತ್ತತ್ತಿ, ಕೊಪ್ಪ ಬಿಟ್ಟುಹೋಗದಿರಲಿ. ಹಿಂದಿನ ಸಭೆಯ ನಡಾವಳಿ ಮತ್ತು ಅನುಪಾಲನಾ ವರದಿಯ ಜೊತೆ ಈ ಪುಟವನ್ನೂ ಸಭೆಗೆ ಒಂದು ವಾರ ಮೊದಲೇ ಎಲ್ಲ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕಕ್ಕೆ ಹಚ್ಚಲಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಹೊಸ ಸದಸ್ಯರು ಆಯ್ಕೆಯಾಗಿ ಬಂದಾಗ ಅವರ ಮೊದಲ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಅದೇ ಪುಟ ಮೊದಲ ವಿಷಯವಾಗಿರಲಿ.